‘ಈ ವರ್ಷ ಕೂರಿಸ್ತಾರಂತೆ’

ಅಮೃತಾ, ನಂದೀಶ,

ಹೋದ ಭಾನುವಾರ ಅಮೃತಾ ಮಾಲೂರಿನಿಂದ ಫೋನ್ ಮಾಡಿದ್ದಳಲ್ಲ, ಅದಕ್ಕೆ ಉತ್ತರ ಇದು. ಅಮೃತಾ, ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಹೇಳಿಕೊಡುವ ಕೆಲಸಕ್ಕೆ ಸೇರಿ ನಿನಗೆ ಇನ್ನೂ ಎರಡು ತಿಂಗಳು. ಖೋ ಖೋ ತಂಡಕ್ಕೆ ಹುಡುಗಿಯರನ್ನು ಆರಿಸಬೇಕು. ಈಗಷ್ಟೇ ಮೊದಲನೇ ವರ್ಷಕ್ಕೆ ಬಂದಿರುವ ನಾಲ್ಕು ಜನ ಚೆನ್ನಾಗಿ ಓಡುತ್ತಾರೆ. “ಅಜ್ಜಿ, ಇವರನ್ನ ಈ ವರ್ಷವೇ ಆಡಿಸ್ಲಾ, ಇಲ್ಲ ಒಂದು ವರ್ಷ ಕೂರಿಸ್ಲಾ?” ಎಂದು ಕೇಳಿದೆ.

ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎದುರಿಗಿದ್ದರೂ ಹೆಚ್ಚೇನೂ ಬರುವುದಿಲ್ಲ, ಅದು ನಿಮಗೂ ಗೊತ್ತು. ಯೋಚನೆ ಮಾಡಿ ಹೇಳ್ತೀನಿ ಎಂದು ಇಟ್ಟುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ನಂದೀಶ ತನ್ನ ಫೋನಿನಲ್ಲಿ ಏನೋ ಹುಡುಕಿ ತೋರಿಸಿದ. ಅಮೆರಿಕದ ಕಾಲೇಜುಗಳಲ್ಲಿ ಮೊಟ್ಟೆಯ ಆಕಾರದ ಚೆಂಡು ಹಿಡಿದು ಆಡುವ ಫುಟ್‌ಬಾಲಿನಲ್ಲೂ ಇದೇ ಜಗಳವಂತೆ. ಹೊಸ ಹುಡುಗರನ್ನು ಮೊದಲ ವರ್ಷವೇ ಇಳಿಸಬೇಕೋ, ಅಭ್ಯಾಸ ಮಾತ್ರ ಮಾಡಿಸಿ ಪಂದ್ಯಕ್ಕೆ ಇಳಿಸದೆ ಇಡಬೇಕೋ ಎಂದು. ಹಾಗೆ ಇಳಿಸದೆ ಇಟ್ಟ ಹುಡುಗರಿಗೆ ಕೆಂಪು ಅಂಗಿಯವರು ಎಂದು ಹೆಸರಂತೆ. ಅಲ್ಲಿ ಕೂತ ವರ್ಷ ಲೆಕ್ಕಕ್ಕೆ ಬರದೆ ಕೊನೆಯಲ್ಲಿ ಮತ್ತೆ ಸಿಗುತ್ತದಂತೆ. ನಮ್ಮ ಕಡೆ ಸಿಗುವುದಿಲ್ಲ. ಡಿಗ್ರಿ ಮೂರು ವರ್ಷ, ಅದರಲ್ಲಿ ಒಂದು ಹೋದರೆ ಹೋಯಿತು. ಅದಕ್ಕೇ ನಿನ್ನ ಪ್ರಶ್ನೆ ಸಣ್ಣದಲ್ಲ.

ಆದರೆ ನನ್ನ ಕಿವಿಯಲ್ಲಿ ಉಳಿದದ್ದು ‘ಕೂರಿಸ್ಲಾ’ ಅನ್ನುವ ಮಾತು. ಆ ಒಂದು ಮಾತಿನಿಂದ ನಾನು ಒಬ್ಬಳು ಹುಡುಗಿಯ ಓದನ್ನೇ ನಿಲ್ಲಿಸಿಬಿಡುವುದರಲ್ಲಿದ್ದೆ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನಿಮ್ಮ ಅಮ್ಮನಿಗೂ ಹೇಳಿಲ್ಲ.

ನಾನು ಓದಿದ್ದು ಲಕ್ಕೂರಿನ ಹತ್ತಿರದ ಹಳ್ಳಿಯ ಸ್ಕೂಲಿನಲ್ಲಿ, ಏಳನೇ ಕ್ಲಾಸಿನವರೆಗೆ. ಅಲ್ಲಿ ಆಡುತ್ತಿದ್ದುದೂ ಖೋ ಖೋ ಒಂದೇ, ಅದಕ್ಕೆ ಚೆಂಡೂ ಬೇಡ, ಬ್ಯಾಟೂ ಬೇಡ. ನಂದೀಶ ಆಡಿದವನಲ್ಲ, ಅವನಿಗಾಗಿ ಹೇಳುತ್ತೇನೆ. ಹಿಡಿಯುವ ತಂಡದ ಎಂಟು ಜನ ಎರಡು ಕಂಬಗಳ ನಡುವೆ ಸಾಲಾಗಿ, ಒಬ್ಬರು ಆಚೆ ಮುಖ ಒಬ್ಬರು ಈಚೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ಕೂತವಳೊಬ್ಬಳ ಹಿಂದೆ ಬಂದು ಬೆನ್ನು ಮುಟ್ಟಿ ‘ಖೋ’ ಎಂದರೆ ಆ ಕೂತವಳು ಎದ್ದು ಓಡಬೇಕು, ಮುಟ್ಟಿದವಳು ಆ ಜಾಗದಲ್ಲಿ ಕೂರಬೇಕು. ಖೋ ಬರುವ ಮೊದಲೇ ಎದ್ದರೆ ತಪ್ಪು. ಖೋ ಅಂದದ್ದು ಕೇಳಿಸದಿದ್ದರೂ ತಪ್ಪು. ನಾನು ಓಡುವುದರಲ್ಲಿ ಕಡಿಮೆಯಿರಲಿಲ್ಲ, ಆದರೆ ನನ್ನ ಖೋ ಯಾರಿಗೂ ಕೇಳಿಸುತ್ತಿರಲಿಲ್ಲ. ಮೇಷ್ಟ್ರು, “ಇವಳು ಖೋ ಅನ್ನಲ್ಲ, ಉಸಿರು ಬಿಡ್ತಾಳೆ” ಎನ್ನುತ್ತಿದ್ದರು.

ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದೆ. ನಿಮ್ಮ ತಾತ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಅವರು ಹೋದ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಸಿಕ್ಕಿತು. ಕಚೇರಿಯಲ್ಲಿ ಜನರ ಮುಂದೆ ಓಡಾಡಲು ನನಗೆ ಆಗುವುದಿಲ್ಲವೆಂದು ನೋಡಿ ಮೈದಾನದ ಕೆಲಸಕ್ಕೆ ಹಾಕಿದರು. ನೆಲಕ್ಕೆ ನೀರು ಹಾಕುವುದು, ಕಲ್ಲು ಹೆಕ್ಕುವುದು, ದಾರ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಅಂಗಿ ಒಗೆದು ಮಡಿಸಿಡುವುದು. ಹೆಣ್ಣುಮಕ್ಕಳ ತಂಡ ಹೊರಗೆ ಹೋದರೆ ಜೊತೆಗೊಬ್ಬ ಹೆಂಗಸು ಇರಬೇಕೆಂಬ ನಿಯಮವಿತ್ತು. ನಮ್ಮಲ್ಲಿ ಆ ಹೆಂಗಸು ನಾನೇ. ಹೀಗೆ ಕೋಲಾರ, ಮುಳಬಾಗಿಲು, ಮಾಲೂರು ಎಲ್ಲಾ ಮೈದಾನಗಳ ಮಣ್ಣನ್ನೂ ನೋಡಿದೆ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಸುಣ್ಣದ ಪುಡಿ ಮುಗಿದಿತ್ತು. ಕಟ್ಟಡದ ಕೆಲಸಕ್ಕೆಂದು ತಂದಿಟ್ಟಿದ್ದ, ಇನ್ನೂ ನೀರು ಹಾಕಿ ಅರಳಿಸದ ಸುಣ್ಣವನ್ನೇ ಕುಟ್ಟಿ ಗೆರೆ ಎಳೆದೆ. ಬೆಳಗಿನ ಇಬ್ಬನಿ ಬೇರೆ. ಆಗ ಎಲ್ಲರೂ ಬರಿಗಾಲಲ್ಲೇ ಆಡುತ್ತಿದ್ದರು. ಅರ್ಧ ಗಂಟೆಯಲ್ಲಿ ಹುಡುಗಿಯರ ಅಂಗಾಲು ಉರಿಯತೊಡಗಿತು. ಬೈಸಿಕೊಳ್ಳುತ್ತೇನೆಂದು ಕೊಠಡಿಯ ಬಾಗಿಲ ಹಿಂದೆ ನಿಂತೆ. ಹುಡುಗಿಯರೇ ಬಂದು, “ಆಂಟಿ, ಇವತ್ತು ನಾವು ಯಾವತ್ತಿಗಿಂತ ಜೋರಾಗಿ ಓಡಿದ್ವಿ ಬಿಡಿ” ಎಂದು ನಕ್ಕರು. ಈಗ ರಬ್ಬರಿನ ಹಾಸು ಬಂದಿದೆ, ಶೂ ಬಂದಿದೆ, ಗೆರೆಯೂ ಅದರ ಮೇಲೇ ಬಳಿದಿರುತ್ತದೆ. ಆದರೂ ಅಮೃತಾ, ಮಣ್ಣಿನ ಮೈದಾನದಲ್ಲಿ ಆಡಿಸುವ ದಿನ ಬಂದರೆ ಸುಣ್ಣವನ್ನು ನೀನೇ ಕೈಯಲ್ಲಿ ಹಿಡಿದು ನೋಡು.

ಕಾಲೇಜಿನಲ್ಲಿ ನನಗೆ ಮೊದಲು ಸಿಕ್ಕ ಮೇಲಿನವರು ಆಟ ಹೇಳಿಕೊಡುವ ನಾರಾಯಣಸ್ವಾಮಿ ಮೇಷ್ಟ್ರು. ಅವರು ಬಂದವರನ್ನೆಲ್ಲ ಬಂದ ವರ್ಷವೇ ಆಡಿಸುವವರು. ಅದಕ್ಕೆ ಅವರದೇ ಕಾರಣವಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಎರಡನೇ ವರ್ಷ ಎಂಬುದೇ ಇರುವುದಿಲ್ಲ, ಇರುವಷ್ಟು ದಿನ ಆಡಿಕೊಳ್ಳಲಿ ಎನ್ನುತ್ತಿದ್ದರು. ಆ ಮಾತು ಸುಳ್ಳಲ್ಲ. ಒಬ್ಬಳು ಮೊದಲನೇ ವರ್ಷ ಒಂದೇ ಒಂದು ಟೂರ್ನಮೆಂಟ್ ಆಡಿ ಮದುವೆಯಾಗಿ ಹೋದಳು. ಈಗಲೂ ಸಂತೆಯಲ್ಲಿ ಸಿಕ್ಕರೆ ತರಕಾರಿ ಬಿಟ್ಟು ಆ ಮೂರು ದಿನದ ಮಾತೇ ಆಡುತ್ತಾಳೆ. ಅವಳನ್ನು ಮುಂದಿನ ವರ್ಷಕ್ಕೆಂದು ಕೂರಿಸಿದ್ದರೆ ಆ ಮೂರು ದಿನವೂ ಇರುತ್ತಿರಲಿಲ್ಲ.

ಆದರೆ ಮಂಜುಳ ಎಂಬ ಹುಡುಗಿಯ ವಿಷಯವೂ ಹೇಳಬೇಕು. ಮೊದಲನೇ ವರ್ಷದವಳು, ತೆಳ್ಳಗೆ, ಮಿಂಚಿನ ಹಾಗೆ ಓಡುವವಳು. ಮುಳಬಾಗಿಲಿನಲ್ಲಿ ಒಂದೇ ದಿನ ಮೂರು ಪಂದ್ಯ ಆಡಿಸಿದರು. ಮೂರನೆಯದರಲ್ಲಿ ಕಂಬದ ಹತ್ತಿರ ತಿರುಗುವಾಗ ಅವಳ ಕಾಲು ನೆಲದಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಮೊಣಕಾಲಿನ ಆ ಸದ್ದು ನನಗೆ ಕೇಳಿಸಿತು. ಅವಳು ಆಮೇಲೆ ನಡೆದಳು, ಓದಿದಳು, ಚೆನ್ನಾಗಿಯೇ ಇದ್ದಾಳೆ. ಓಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ, “ಕಾಯಿ ಕೊಯ್ದುಬಿಟ್ಟೆ ಜಯಮ್ಮ” ಎಂದರು. ಮಾವಿನ ಸೀಮೆಯವರು, ಅವರಿಗೆ ಅದಕ್ಕಿಂತ ದೊಡ್ಡ ತಪ್ಪಿನ ಹೆಸರು ಗೊತ್ತಿರಲಿಲ್ಲ.

ಅವರ ನಂತರ ಶಫೀ ಸಾರ್ ಬಂದರು. ಮಂಜುಳಳ ವಿಷಯ ಕೇಳಿ ಅವರು ಒಂದು ಕಾನೂನು ಮಾಡಿದರು. ಮೊದಲನೇ ವರ್ಷದವರು ಯಾರೇ ಆಗಲಿ ಪಂದ್ಯಕ್ಕಿಳಿಯುವಂತಿಲ್ಲ. ದಿನಾ ಅಭ್ಯಾಸಕ್ಕೆ ಬರಬೇಕು, ಕಾಲು ಗಟ್ಟಿ ಮಾಡಿಕೊಳ್ಳಬೇಕು. ದೊಡ್ಡವರು ಆಡುವಾಗ ಗೆರೆಯ ಆಚೆ ಕೂತು ಪುಸ್ತಕದಲ್ಲಿ ಬರೆಯಬೇಕು, ಯಾವ ಓಟಗಾರ್ತಿ ಯಾವ ಕಡೆ ನುಣುಚಿಕೊಳ್ಳುತ್ತಾಳೆ, ಎಷ್ಟು ಹೊತ್ತಿಗೆ ಸುಸ್ತಾಗುತ್ತಾಳೆ ಎಂದು. ಈಗ ಅದನ್ನೆಲ್ಲ ಫೋನಿನಲ್ಲಿ ವಿಡಿಯೊ ಹಿಡಿಯುತ್ತಾರೆ. ಕೈಯಲ್ಲಿ ಬರೆದವರು ಮಾತ್ರ ಮರೆಯುತ್ತಿರಲಿಲ್ಲ. ಇದರಿಂದ ಒಳ್ಳೆಯದೇ ಆಯಿತು. ಒಂದು ವರ್ಷ ಬರೆದು ಕೂತಿದ್ದವರು ಎರಡನೇ ವರ್ಷ ಇಳಿದಾಗ ಎದುರಿನವರ ಹೆಜ್ಜೆ ಮೊದಲೇ ಓದಿಬಿಡುತ್ತಿದ್ದರು. ಸೀನಿಯರ್ ಹುಡುಗಿಯರು ಮಾತ್ರ ಕೂತವರನ್ನು ‘ನೀರಮ್ಮ’ಗಳು ಎಂದು ಆಡಿಕೊಳ್ಳುತ್ತಿದ್ದರು, ನೀರಿನ ಬಾಟಲಿ ತಂದುಕೊಡುವುದು ಅವರ ಕೆಲಸವಾದ್ದರಿಂದ. ‘ಏನೇ ನೀರಮ್ಮ, ಪುಸ್ತಕದಲ್ಲಿ ನನ್ನ ಹೆಸರು ಚೆನ್ನಾಗಿ ಬರ್ಕೊಂಡ್ಯಾ’ ಎಂದು ಕೇಳುವರು. ಕೇಳಿದವಳೂ ಹಿಂದಿನ ವರ್ಷ ನೀರಮ್ಮನೇ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಾಯಿತು. ಇವಳನ್ನು ಕೂರಿಸಿದ್ದಾರೆ, ಅವಳನ್ನು ಕೂರಿಸಿದ್ದಾರೆ.

ಆಗ ಬಂದವಳು ಸುಗುಣ. ಯಲ್ದೂರಿನ ಆಚೆಯ ಹಳ್ಳಿಯವಳು. ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ. ಮೊದಲ ದಿನ ಅವಳು ಓಡುವುದನ್ನು ನೋಡಿ ಶಫೀ ಸಾರ್ ಶಿಳ್ಳೆಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾನೂನು ಮುರಿಯೋಣವೆನ್ನಿಸಿದರೂ ಮುರಿಯಲಿಲ್ಲ. ಅವಳೋ ಕೋಲಾರದ ಟೂರ್ನಮೆಂಟಿಗೆ ಹೋಗುತ್ತೇನೆಂದು ಮನೆಯಲ್ಲಿ ಆಗಲೇ ಹೇಳಿಕೊಂಡಿದ್ದಳು. ಅವರು ಕಾಯುತ್ತಿರುತ್ತಾರೆ, ಮನೆಯವರು ಸಿಕ್ಕರೆ ಒಂದು ಮಾತು ತಿಳಿಸಿಬಿಡು ಎಂದು ಸಾರ್ ನನಗೆ ಹೇಳಿದರು.

ಮಾರನೆಯ ದಿನವೇ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ, ಕಾಲೇಜಿಗೆ ಸೇರಿಸಲು ಬಂದಾಗ ನಾನು ನೋಡಿದ್ದ ಅವಳ ಅಪ್ಪ ಸಿಕ್ಕರು. ಟೊಮ್ಯಾಟೊ ತೋಟಕ್ಕೆ ಔಷಧಿ ಕೊಂಡು ಬಸ್ಸಿಗೆ ನಿಂತಿದ್ದರು. ಸುತ್ತ ಹತ್ತಾರು ಗಂಡಸರು. ತಲೆ ಬಗ್ಗಿಸಿಕೊಂಡೇ ಹತ್ತಿರ ಹೋಗಿ, “ಸುಗುಣನ್ನ ಈ ವರ್ಷ ಕೂರಿಸ್ತಾರಂತೆ” ಎಂದೆ. ಅವರು, “ಯಾಕಮ್ಮಾ, ಏನಾಯ್ತು?” ಎಂದರು. ನಾನು, “ಸಾರೇ ಹೇಳಿದ್ರು, ಎಲ್ಲಾ ಹೊಸಬರನ್ನೂ ಹಂಗೇ” ಎಂದು ಹೇಳಿ ಬಂದುಬಿಟ್ಟೆ. ಹೇಳುವ ಕೆಲಸ ಮುಗಿಯಿತೆಂದು ಸಮಾಧಾನವೇ ಆಯಿತು.

ಮಕ್ಕಳೇ, ಹೆಣ್ಣುಮಗಳನ್ನು ‘ಕೂರಿಸುವುದು’ ಎಂದರೆ ನಮ್ಮ ಹಳ್ಳಿಗಳಲ್ಲಿ ಏನರ್ಥ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಏಳನೇ ಕ್ಲಾಸಾದ ಮೇಲೆ ನನ್ನನ್ನೂ ಕೂರಿಸಿದ್ದೇ ಅಲ್ಲವೇ. ಓದು ಬಿಡಿಸಿ ಮನೆಯಲ್ಲಿ ಇಟ್ಟುಕೊಳ್ಳುವುದು. ಮೈದಾನದ ಮಾತು ಬಾಯಿಗೆ ಅಂಟಿಹೋಗಿ ಮನೆಯ ಮಾತನ್ನು ನಾನು ಮರೆತಿದ್ದೆ. ಆಗಷ್ಟೇ ಬಂದಿದ್ದ ಸುಗುಣಳಿಗೆ ಮೈದಾನದ ಮಾತು ಇನ್ನೂ ತಿಳಿದಿರಲಿಲ್ಲ.

ಸುಗುಣ ಮಾರನೆಯ ದಿನದಿಂದ ಬರಲಿಲ್ಲ. ಪಂದ್ಯಕ್ಕೆ ಹೆಸರಿಲ್ಲವೆಂದು ಮುನಿಸಿಕೊಂಡಿದ್ದಾಳೆ, ಎರಡು ದಿನ ಬಿಟ್ಟು ಬರುತ್ತಾಳೆ ಎಂದು ಸಾರ್ ಹೇಳಿದರು. ಒಂದು ವಾರ ಕಳೆಯಿತು. ಹತ್ತನೇ ದಿನ ಯಲ್ದೂರಿನ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಅಂಗಿ ತೆಗೆದುಕೊಳ್ಳಲು ನನ್ನ ಕೊಠಡಿಗೆ ಬಂದಳು. “ಸುಗುಣನ್ನ ಮನೇಲಿ ಕೂರ್ಸಿಬಿಟ್ರು ಆಂಟಿ. ಕಾಲೇಜೋರೇ ಹೇಳಿ ಕಳ್ಸಿದ್ರಂತೆ, ಒಂದು ವರ್ಷ ಮನೇಲೇ ಇಟ್ಕೊಳ್ಳಿ ಅಂತ. ಅವಳು ಏನು ತಪ್ಪು ಮಾಡ್ದೆ ಅಂತ ಅಳ್ತಾ ಇದಾಳೆ” ಎಂದಳು.

ಕೈಯಲ್ಲಿದ್ದ ಅಂಗಿಗಳನ್ನು ಅಲ್ಲೇ ಇಟ್ಟು ಸಾರ್ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಹಾಜರಾತಿ ಇನ್ನೂ ಕಡಿಮೆಯಾದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ, ಒಮ್ಮೆ ಮನೆಯಲ್ಲಿ ಉಳಿದ ಹುಡುಗಿ ಮತ್ತೆ ಬರುವುದು ಕಷ್ಟ ಎಂದರು. ತಾವೇ ಹೋಗುತ್ತೇನೆಂದು ಎದ್ದರು. ನಾನು ಬೇಡವೆಂದೆ. ಹೆಣ್ಣುಮಗಳ ವಿಷಯ, ಗಂಡಸರು ಹೋಗಿ ಕೇಳಿದರೆ ಊರಿನವರು ಇನ್ನೊಂದು ಅರ್ಥ ಮಾಡಿಕೊಳ್ಳುತ್ತಾರೆ. ಹಾಳುಮಾಡಿದ್ದು ನನ್ನ ಮಾತು, ಸರಿಮಾಡುವುದೂ ನನ್ನದೇ ಆಗಬೇಕು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹೊಡೆದೆ, ಕನ್ನಡದಲ್ಲಿ ಒಂದು ಸಲ, ನನಗೆ ಬರುವ ಅರೆಬರೆ ತೆಲುಗಿನಲ್ಲಿ ಒಂದು ಸಲ. ಮನೆ ಹುಡುಕಿಕೊಂಡು ಹೋದಾಗ ಅಂಗಳದ ತುಂಬಾ ಟೊಮ್ಯಾಟೊ ರಾಶಿ. ಐದಾರು ಹೆಂಗಸರು ಸುತ್ತ ಕೂತು ಕಾಯಿ, ದೋರೆ, ಹಣ್ಣು ಎಂದು ಬೇರೆ ಬೇರೆ ಕ್ರೇಟಿಗೆ ಆರಿಸಿ ಹಾಕುತ್ತಿದ್ದರು. ಸುಗುಣ ನನಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದಳು. ಜಗಲಿಯ ಮೇಲೆ ಅವಳ ಅಜ್ಜಿ. ಆ ಮನೆಯಲ್ಲಿ ಅಜ್ಜಿಯದೇ ಮಾತು ಎಂದು ನೋಡಿದರೇ ತಿಳಿಯುತ್ತಿತ್ತು. ಅಪ್ಪ ಒಳಗಿಂದ ಬಂದು ನನ್ನ ಗುರುತು ಹೇಳಿದರು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನುವ್ವೇ ಕದಮ್ಮಾ ಚೆಪ್ಪಿಂದಿ?” ಎಂದರು. ನೀನೇ ಅಲ್ಲವೇನಮ್ಮಾ ಹೇಳಿದ್ದು ಎಂದು. ನಾನು ಹೌದೆಂದು ತಲೆಯಾಡಿಸಿದೆ. ಬಸ್ಸಿನಲ್ಲಿ ಉರು ಹೊಡೆದ ಎರಡು ಭಾಷೆಯೂ ಹೋಗಿತ್ತು. ಹೇಗೋ ತಡವರಿಸುತ್ತಾ, ನಾನು ಹೇಳಿದ್ದು ಮನೆಯಲ್ಲಿ ಕೂರಿಸಲು ಅಲ್ಲ, ಆಟದಲ್ಲಿ ಕೂರಿಸುತ್ತಾರೆ ಅಂತ, ಕಾಲೇಜಿಗೆ ದಿನಾ ಬರಬೇಕು, ಪಂದ್ಯ ಮಾತ್ರ ಈ ವರ್ಷ ಇಲ್ಲ ಎಂದೆ.

ಹೆಂಗಸರ ಕೈ ನಿಂತಿತು. ಅಜ್ಜಿ ಬಿಡಲಿಲ್ಲ, ಈಗ ಕನ್ನಡದಲ್ಲೇ ಕೇಳಿದರು.

“ಆಡೋಕೂ ಬಿಡಲ್ಲ ಅಂತೀಯ, ಮನೇಲೂ ಇಟ್ಕೋಬೇಡ ಅಂತೀಯ. ಹಂಗಾದ್ರೆ ಅಲ್ಲಿ ಕೂತ್ಕೊಂಡು ಏನ್ಮಾಡ್ತಾಳಮ್ಮಾ? ಕೂರೋದೇ ಆದ್ರೆ ಇಲ್ಲೇ ಕೂತ್ಕೊಳ್ಲಿ, ನಾಲ್ಕು ಕ್ರೇಟಾದ್ರೂ ತುಂಬ್ತಾಳೆ.”

ಒಂದಿಬ್ಬರು ನಕ್ಕರು. ಮಾತು ನ್ಯಾಯವಾಗಿಯೇ ಇತ್ತು. ಅಪ್ಪ ನೆಲ ನೋಡುತ್ತಿದ್ದರು. ಸುಗುಣ ತಿರುಗಿಯೂ ನೋಡಲಿಲ್ಲ, ಭುಜ ಮಾತ್ರ ಬಿಗಿಯಾಗಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳ ಹಿಂದೆ ನಿಂತೆ. ಬೆನ್ನು ಮುಟ್ಟಿ, “ಖೋ” ಎಂದೆ.

ಅದು ಅಷ್ಟು ಜೋರಾಗಿ ಹೇಗೆ ಬಂತೋ ತಿಳಿಯದು. ಪಕ್ಕದ ಮನೆಯ ನಾಯಿ ಬೊಗಳಿತು. ಸುಗುಣ ಯೋಚಿಸಲೇ ಇಲ್ಲ. ಕೈಯಲ್ಲಿ ಟೊಮ್ಯಾಟೊ ಹಿಡಿದೇ ಎದ್ದು ಹಾರಿದಳು. ಕ್ರೇಟುಗಳ ಸಾಲು ದಾಟಿ, ಅಂಗಳದ ಕೊನೆಯ ಹುಣಸೆಮರವನ್ನು ಒಂದು ಕೈಯಲ್ಲಿ ಹಿಡಿದು ಕಂಬ ತಿರುಗುವ ಹಾಗೇ ತಿರುಗಿ, ಇತ್ತ ಮುಖ ಮಾಡಿದ ಮೇಲೆ ಎಲ್ಲಿದ್ದೇನೆಂದು ನೆನಪಾಗಿ ನಿಂತುಬಿಟ್ಟಳು. ಅವಳು ಕೂತಿದ್ದ ಜಾಗದಲ್ಲಿ ನಾನು ಕೂತಿದ್ದೆ. ಆಟದ ನಿಯಮವಲ್ಲವೇ, ಮೈಗೆ ಮರೆತಿರಲಿಲ್ಲ.

ಅಜ್ಜಿ ಮೊಮ್ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು ನಗತೊಡಗಿದರು. “ಓಹೋ, ಏಳೋದಕ್ಕೆ ಕೂರ್ಸೋದಾ ನೀವು” ಎಂದರು. ನಕ್ಕು ಮುಗಿದ ಮೇಲೆ ಒಂದು ಮಾತು ಕೇಳಿದರು. “ಮುಂದಿನ ವರ್ಷ ಖೋ ಕೊಡೋಕೆ ನೀನು ಅಲ್ಲೇ ಇರ್ತೀಯೇನಮ್ಮಾ?”

ಇರುತ್ತೇನೆ ಎಂದೆ. ಗೆರೆ ಎಳೆಯುವವಳು ನಾನು, ಹಾಗೆ ಮಾತು ಕೊಡಲು ನನಗೇನು ಅಧಿಕಾರವಿತ್ತು? ಆದರೂ ಕೊಟ್ಟೆ. ಹೊರಡುವ ಮೊದಲು ಎರಡು ಕ್ರೇಟು ಟೊಮ್ಯಾಟೊ ಆರಿಸಿಕೊಟ್ಟೆ. ಸೋಮವಾರ ಬೆಳಿಗ್ಗೆ ಯಲ್ದೂರಿನ ಬಸ್ಸಿನಿಂದ ಸುಗುಣ ಇಳಿದಳು. ಹಾಜರಾತಿಗೆ ತೊಂದರೆಯಾಗದ ಹಾಗೆ ಶಫೀ ಸಾರ್ ಪ್ರಿನ್ಸಿಪಾಲರ ಹತ್ತಿರ ಮಾತಾಡಿದರು.

ಕೊಟ್ಟ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ನಾನೇ ಹೋಗಿ ಸಾರ್ ಮುಂದೆ ನಿಂತೆ. ಪೂರ್ತಿ ಆಡಿಸುವುದೂ ಬೇಡ, ಪೂರ್ತಿ ಕೂರಿಸುವುದೂ ಬೇಡ ಎಂದೆ. ಪಟ್ಟಿಯಲ್ಲಿ ಹನ್ನೆರಡು ಹೆಸರಿಗೆ ಜಾಗವಿದೆ, ಆಡುವವರು ಒಂಬತ್ತು. ಉಳಿದ ಮೂರು ಜಾಗಕ್ಕೆ ಹೊಸಬರನ್ನು ಕರೆದುಕೊಂಡು ಹೋಗೋಣ. ಗೆದ್ದಾಯಿತೆಂದು ಖಾತ್ರಿಯಾದ ಪಂದ್ಯದಲ್ಲಿ ಕೊನೆಯ ಸರದಿಗೆ ಇಳಿಸೋಣ. ಕಾಲಿಗೂ ಪೆಟ್ಟಿಲ್ಲ, ಮನಸ್ಸಿಗೂ ಪೆಟ್ಟಿಲ್ಲ. ಸಾರ್, “ಇಷ್ಟು ದಿನ ಯಾಕಮ್ಮಾ ಮಾತಾಡ್ಲಿಲ್ಲ?” ಎಂದರು.

ಕೋಲಾರದಲ್ಲಿ ಹಾಗೇ ಆಯಿತು. ಎರಡನೇ ಪಂದ್ಯ ನಮ್ಮ ಕೈಗೆ ಬಂದ ಮೇಲೆ ಸಾರ್ ಸುಗುಣಳನ್ನು ಕರೆದು ಹಿಡಿಯುವವರ ಸಾಲಿನಲ್ಲಿ ಕೂರಿಸಿದರು. ಇಷ್ಟೆಲ್ಲ ಆದ ಹುಡುಗಿ ಏನು ಮಾಡಿದಳು ಗೊತ್ತೇ? ಖೋ ಬರುವ ಮೊದಲೇ ಎದ್ದುಬಿಟ್ಟಳು. ಶಿಳ್ಳೆ ಬಿತ್ತು. ಇನ್ನೊಮ್ಮೆ ಕೂತಳು, ಇನ್ನೊಮ್ಮೆ ಎದ್ದಳು, ಮತ್ತೆ ಶಿಳ್ಳೆ. ಸೀನಿಯರ್ ಹುಡುಗಿಯರು, “ನೀರಮ್ಮ, ಕೂತ್ಕೊಳ್ಳೇ, ಬಸ್ಸೇನೂ ಹೋಗ್ತಿಲ್ಲ” ಎಂದು ಕೂಗಿದರು. ಮೂರನೇ ಸಲ ಕಾದಳು. ಹಲ್ಲು ಕಚ್ಚಿ ಕಾದಳು. ಖೋ ಬಂತು. ನಾನು ಆಗ ಕಣ್ಣು ಮುಚ್ಚಿಕೊಂಡಿದ್ದೆ. ಕೂಗು ಕೇಳಿ ತೆರೆದಾಗ ಎದುರಿನವಳು ಔಟಾಗಿ ಹೊರಗೆ ನಡೆಯುತ್ತಿದ್ದಳು, ಅವಳೂ ನಗುತ್ತಿದ್ದಳು.

ಮುಂದಿನ ಎರಡು ವರ್ಷ ಸುಗುಣ ಪೂರ್ತಿ ಆಡಿದಳು. ಈಗ ಅವಳ ಹಳ್ಳಿಯ ಸ್ಕೂಲಿನಲ್ಲಿ ಬೆಳಿಗ್ಗೆ ಹೊತ್ತು ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಾಳೆ. ಹೋದ ವರ್ಷ ನನ್ನನ್ನು ನೋಡಲು ಬಂದಿದ್ದಳು. ಮೊದಲ ವರ್ಷ ಹೆಚ್ಚಾಗಿ ಕೂತಿದ್ದು ಕಷ್ಟವಾಯಿತೇನೇ ಎಂದು ಕೇಳಿದೆ. “ವರ್ಷ ಏನೂ ಕಷ್ಟ ಆಗ್ಲಿಲ್ಲ ಆಂಟಿ. ಆ ಹನ್ನೊಂದು ದಿನ ಕಷ್ಟ ಆಯ್ತು” ಎಂದಳು.

ಅಮೃತಾ, ಎಲ್ಲರಿಗೂ ಒಂದೇ ಕಾನೂನು ಮಾಡಬೇಡ. ನಾಲ್ವರಲ್ಲಿ ಯಾರ ಕಾಲು ಗಟ್ಟಿಯಿದೆ ನೋಡು, ಯಾರಿಗೆ ಎರಡನೇ ವರ್ಷ ಇರುತ್ತದೋ ಇಲ್ಲವೋ ವಿಚಾರಿಸು. ಎರಡನೇ ವರ್ಷ ಅನುಮಾನವಿರುವವಳನ್ನು ಈ ವರ್ಷವೇ ಸ್ವಲ್ಪವಾದರೂ ಆಡಿಸು. ಯಾರನ್ನು ಕಾಯಿಸುತ್ತೀಯೋ ಅವಳಿಗೆ ಯಾವತ್ತು, ಯಾವ ಪಂದ್ಯದಲ್ಲಿ ಕರೆಯುತ್ತೀಯ ಎಂದು ಈಗಲೇ ಹೇಳಿಬಿಡು. ಖೋ ಕೊಡುವವರು ಹಿಂದೆ ಇದ್ದಾರೆಂದು ಗೊತ್ತಿದ್ದರೆ ಮಕ್ಕಳು ಎಷ್ಟು ಹೊತ್ತಾದರೂ ಕೂರುತ್ತಾರೆ. ಅವರ ಮನೆಗೆ ನೀನೇ ಹೋಗು. ಪೂರ್ತಿ ವಾಕ್ಯ ಹೇಳು. ‘ಕೂರಿಸು’ ಎಂಬ ಮಾತನ್ನು ಮಾತ್ರ ಹೊಸಿಲಿನ ಆಚೆಯೇ ಬಿಟ್ಟು ಹೋಗು.

ನಂದೀಶ, ನನ್ನ ಅಕ್ಷರ ನಿನಗೆ ಓದಲು ಬರದಿದ್ದರೆ ಅಕ್ಕನ ಹತ್ತಿರ ಓದಿಸಿಕೋ. ಗೆರೆ ಎಳೆಯಲು ಹಿಡಿಯುತ್ತಿದ್ದ ದಾರದಿಂದಲೇ ಈ ಹಾಳೆಗಳನ್ನು ಹೊಲಿದಿದ್ದೇನೆ, ಅದು ಬೇಗ ಕಿತ್ತುಹೋಗುವುದಿಲ್ಲ. ಇಬ್ಬರೂ ಇದನ್ನು ಜೋಪಾನ ಮಾಡಿ. ಹಾಗೆಂದು ಪೆಟ್ಟಿಗೆಯೊಳಗೆ ಕೂರಿಸಿಬಿಡಬೇಡಿ. ಆಗಾಗ ಎಬ್ಬಿಸಿ.

ನಿಮ್ಮ ಅಜ್ಜಿ,
ಜಯಮ್ಮ